ಮಗ್ಗದ ಹಾಜರಿ

ನನ್ನ ಹೆಂಡತಿ ಜ್ಯೋತಿಲಕ್ಷ್ಮಿಗೆ ಕೂತು ಪಾಠ ಮಾಡುವುದು ಬರುವುದಿಲ್ಲ. ಕೊಳ್ಳೇಗಾಲದ ಒಂದು ಪ್ರೌಢಶಾಲೆಯಲ್ಲಿ ಬಹಳ ವರ್ಷಗಳಿಂದ ಸಮಾಜ ವಿಜ್ಞಾನ ಹೇಳುತ್ತಿದ್ದಾಳೆ. ಅವಳ ತರಗತಿಯಲ್ಲಿ ಕುರ್ಚಿ ಇರುವುದು ಬ್ಯಾಗು ಇಡುವುದಕ್ಕೆ ಮಾತ್ರ. ಹಿಂದಿನ ಬೆಂಚಿನವನ ಕಣ್ಣು ಕಿಟಕಿಯ ಕಡೆ ಹೋಯಿತೋ, ಇವಳು ಅವನ ಪಕ್ಕದಲ್ಲಿ ಹಾಜರು. ಬೈಯುವುದಿಲ್ಲ. ಡೆಸ್ಕಿನ ಮೇಲೆ ಬೆರಳಿನಿಂದ ಒಮ್ಮೆ ಕುಟ್ಟಿ, ಹೇಳುತ್ತಿದ್ದ ಮಾತು ನಿಲ್ಲಿಸದೆ ಮುಂದೆ ಹೋಗುತ್ತಾಳೆ. ಮಕ್ಕಳ ಮುಖ ನೋಡುತ್ತಿದ್ದರೇ ಅವಳ ಬಾಯಿಗೆ ಮಾತು ಬರುವುದು. ಅಂಥವಳ ಕೈಗೆ ಕೊರೊನಾ ವರ್ಷದಲ್ಲಿ ಒಂದು ಫೋನು ಕೊಟ್ಟು, ಇನ್ನು ಇದರಲ್ಲೇ ಪಾಠ ಮಾಡಮ್ಮ ಎಂದರು.

ನಮ್ಮ ಮನೆ ಯಳಂದೂರಿನಲ್ಲಿದೆ. ಮುಂದಿನ ಕೋಣೆಯಲ್ಲೇ ನನ್ನ ಗೊಬ್ಬರದ ಅಂಗಡಿ. ನೆಟ್‌ವರ್ಕ್ ಸಿಗುವುದು ತಾರಸಿಯಲ್ಲಿ, ಅದೂ ನೀರಿನ ಟ್ಯಾಂಕಿನ ಪಕ್ಕದಲ್ಲಿ. ಬೆಳಿಗ್ಗೆ ಟಿಫಿನ್ನು ಮುಗಿಸಿ ಅವಳು ಮೇಲೆ ಹತ್ತಿದರೆ, ಕೆಳಗೆ ಯೂರಿಯಾ ತೂಗುತ್ತಿದ್ದ ನನ್ನ ತಲೆಯ ಮೇಲೆ ಅವಳ ಹೆಜ್ಜೆ ಸದ್ದು ಶುರುವಾಗುತ್ತಿತ್ತು. ಟ್ಯಾಂಕಿನಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಟ್ಯಾಂಕಿಗೆ. ಗಿರಾಕಿಗಳು ಮೇಲೆ ನೋಡಿ, "ಏನ್ ಸಾ, ಮ್ಯಾಲೆ ರಾಗಿ ಒಕ್ತಾ ಅವ್ರಾ?" ಎಂದು ಕೇಳುತ್ತಿದ್ದರು.

ಕಾಫಿ ಕೊಡುವ ನೆಪದಲ್ಲಿ ನಾನೂ ಹತ್ತಿ ನೋಡುತ್ತಿದ್ದೆ. ಫೋನಿನಲ್ಲಿ ಮಕ್ಕಳಿರಲಿಲ್ಲ, ಬಣ್ಣದ ಬಿಲ್ಲೆಗಳಿದ್ದವು. ಒಂದೊಂದು ಬಿಲ್ಲೆಯೊಳಗೆ ಒಂದೊಂದು ಅಕ್ಷರ. ಜ್ಯೋತಿ ಆ ಬಿಲ್ಲೆಗಳಿಗೆ ಯುರೋಪಿನ ವ್ಯಾಪಾರಿಗಳು ಭಾರತಕ್ಕೆ ಬಂದ ಕಥೆ ಹೇಳುತ್ತಿದ್ದಳು. "ಅರ್ಥ ಆಯ್ತಾ?" ಎಂದರೆ ಶಾಗ್ಯದ ಹೇಮಂತ್ ಎಂಬ ಹುಡುಗ ಮಾತ್ರ "ಊ ಮೇಡಂ" ಎನ್ನುತ್ತಿದ್ದ. ಅವನು ಪಾಠಕ್ಕಿಂತ ಮೊದಲೇ "ಊ" ಎಂದು ಬಿಡುತ್ತಿದ್ದ ದಿನಗಳೂ ಇದ್ದವು. ಉಳಿದವರು ಇದ್ದಾರೋ, ಫೋನು ಇಟ್ಟು ಕುರಿ ಹೊಡೆದುಕೊಂಡು ಹೋಗಿದ್ದಾರೋ ದೇವರೇ ಬಲ್ಲ.

ಒಂದು ದಿನ ಅವಳಿಗೆ ರೇಗಿ ಹೋಯಿತು. "ನಾಳೆಯಿಂದ ಸದ್ದಿಲ್ಲದೋರಿಗೆ ಹಾಜರಿ ಇಲ್ಲ. ತಿಳೀತಾ?" ಎಂದು ಕೂಗಿದಳು. ಆ ಕೂಗಿಗೆ ಪಕ್ಕದ ಮನೆಯ ನಾಯಿ ಬೊಗಳಿತು. ಬಿಲ್ಲೆಗಳು ಮಾತ್ರ ಬಿಲ್ಲೆಗಳಾಗಿಯೇ ಇದ್ದವು. ಕೆಳಗಿಳಿದು ಬಂದು, "ರೀ, ನಾನು ಸ್ಮಶಾನದಲ್ಲಿ ನಿಂತು ಪಾಠ ಮಾಡ್ತಿದ್ದೀನಿ ಅನ್ಸುತ್ತೆ" ಎಂದಳು. ಸಂಬಳ ಬರುತ್ತಲ್ಲ ಸುಮ್ಮನಿರು ಎಂದು ನಾನೆಂದೆ. ಅದಕ್ಕೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು.

ಅವಳು ಹಾಗೆ ಕೂಗಿದ ಮಾರನೆಯ ದಿನದಿಂದ ತರಗತಿಯಲ್ಲಿ ಹೊಸದೊಂದು ಸದ್ದು ಸೇರಿಕೊಂಡಿತು. ಟಕ್ಕ ಟಕ್, ಟಕ್ಕ ಟಕ್. ಚೌಡೇಶ್ವರಿ ಎಂಬ ಹುಡುಗಿಯ ಬಿಲ್ಲೆಯಿಂದ ಬರುತ್ತಿತ್ತು. ಕೊಳ್ಳೇಗಾಲದ ರೇಷ್ಮೆ ನೇಯುವವರ ಮನೆಯ ಮಗಳು, ಹತ್ತನೇ ತರಗತಿ. ಅದು ಕೈಮಗ್ಗದ ಸದ್ದು ಎಂದು ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. "ಮೈಕ್ ಆಫ್ ಮಾಡಮ್ಮ" ಎಂದು ಜ್ಯೋತಿ ಹೇಳಿದಳು. ಉತ್ತರವಿಲ್ಲ. ಸಿಟ್ಟಾಗಿ ತಾನೇ ಆಫ್ ಮಾಡಿದಳು. ಮರುದಿನ ಮತ್ತೆ ಟಕ್ಕ ಟಕ್. ಕೆಲವು ದಿನ ಹೀಗೇ ಹಗ್ಗಜಗ್ಗಾಟ ನಡೆಯಿತು. ಆಮೇಲೆ ಸಾಕಾಗಿ ಬಿಟ್ಟುಬಿಟ್ಟಳು. ನಿಜ ಹೇಳಬೇಕೆಂದರೆ ಏನೂ ಇಲ್ಲದ್ದಕ್ಕಿಂತ ಆ ಸದ್ದೇ ಅವಳಿಗೆ ವಾಸಿ ಅನಿಸಿತ್ತು.

ಒಂದು ಬೆಳಿಗ್ಗೆ ಅವಳು ಪುಸ್ತಕ ಬದಿಗಿಟ್ಟು ಆ ಯುರೋಪಿನವರ ಹಡಗಿನ ಒಳಗಿನ ಸ್ಥಿತಿ ಹೇಳತೊಡಗಿದಳು. ತಿಂಗಳುಗಟ್ಟಲೆ ಸೊಪ್ಪಿಲ್ಲ, ತರಕಾರಿಯಿಲ್ಲ. ನಾವಿಕರ ಒಸಡಿನಿಂದ ರಕ್ತ ಬರುತ್ತದೆ, ಹಲ್ಲು ಕೈಗೇ ಕಿತ್ತು ಬರುತ್ತದೆ, ತಿನ್ನುವ ರೊಟ್ಟಿಯಲ್ಲಿ ಹುಳ. ನೆಲ ಕಾಣುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ನಾನು ಕಾಫಿ ಲೋಟ ಹಿಡಿದು ಮೆಟ್ಟಿಲ ಹತ್ತಿರ ನಿಂತಿದ್ದೆ. ಇದ್ದಕ್ಕಿದ್ದಂತೆ ಮಗ್ಗ ನಿಂತಿತು. ಜ್ಯೋತಿಯೂ ನಿಂತಳು. ಫೋನಿನ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಮೆಲ್ಲಗೆ ಕಥೆ ಮುಂದುವರಿಸಿದಳು. ಹಡಗಿಗೆ ದಡ ಕಂಡ ಮೇಲೆ ಟಕ್ಕ ಟಕ್ ಶುರುವಾಯಿತು.

ಅವತ್ತಿನಿಂದ ಅವಳಿಗೆ ಹುಚ್ಚು ಹಿಡಿಯಿತು ನೋಡಿ. ಇಸವಿ ಹೇಳಿದರೆ ಮಗ್ಗ ಓಡುತ್ತದೆ, ಮನುಷ್ಯರ ಕಷ್ಟ ಹೇಳಿದರೆ ನಿಲ್ಲುತ್ತದೆ. ಕಾರಣಗಳು, ಪರಿಣಾಮಗಳು ಎಂದರೆ ಓಡುತ್ತದೆ, ಮುಂದೇನಾಯಿತು ಗೊತ್ತಾ ಎಂದರೆ ನಿಲ್ಲುತ್ತದೆ. ಜ್ಯೋತಿ ಮಗ್ಗಕ್ಕೇ ಪಾಠ ಮಾಡತೊಡಗಿದಳು. ಸಂಜೆ ಹೊತ್ತು ನನ್ನನ್ನು ಗೊಬ್ಬರದ ಮೂಟೆಯ ಮೇಲೆ ಕೂರಿಸಿ, ನಾಳಿನ ಪಾಠ ಒಪ್ಪಿಸಿ, "ಎಲ್ಲಿ ಬೇಜಾರಾಯ್ತು ಹೇಳಿ" ಎಂದು ತಲೆ ತಿನ್ನುತ್ತಿದ್ದಳು. ಆ ತಿಂಗಳು ನಾನು ಕಲಿತಷ್ಟು ಚರಿತ್ರೆಯನ್ನು ಹೈಸ್ಕೂಲಿನ ಮೂರು ವರ್ಷದಲ್ಲೂ ಕಲಿತಿರಲಿಲ್ಲ. ತಮಾಷೆಯೆಂದರೆ, ಮಗ್ಗ ನಿಲ್ಲುವಂಥ ಪಾಠಕ್ಕೆ ಬಿಲ್ಲೆಗಳೂ ಬಾಯಿ ಬಿಟ್ಟವು. "ಮೇಡಂ, ಆ ರಾಜ ಬ್ರಿಟಿಷ್ರ ಕಾಗ್ದಕ್ಕೆ ಯಾಕೆ ಸಹಿ ಆಕ್ದ?" ಎಂದು ಒಬ್ಬಳು ಕೇಳಿದಳು. "ದಡ್ ನನ್ಮಗ ಕಣ್ ಬುಡೇ" ಎಂದು ಹೇಮಂತನೇ ಉತ್ತರ ಕೊಟ್ಟ. ತರಗತಿ ಜೀವ ಹಿಡಿಯಿತು.

"ಚೌಡೇಶ್ವರಿಯ ಅಪ್ಪ ರಾಜಣ್ಣ ಅಂತ, ಮಗ್ಗದಲ್ಲಿ ಕೂತಿರೋದು ಅವನೇ. ಎಂಥ ಕೇಳುಗ ಗೊತ್ತಾ? ಮಗಳಿಗೆ ಪಾಠ, ಅವನಿಗೆ ಕಥೆ" ಎಂದು ಜ್ಯೋತಿ ಎಲ್ಲರ ಹತ್ತಿರ ಹೇಳಿಕೊಂಡು ಓಡಾಡಿದಳು.

ಆಮೇಲೆ ಆ ಫೋನು ಬಂತು. ಚೌಡೇಶ್ವರಿಯ ತಾಯಿ ಪುಟ್ಟಗೌರಮ್ಮ ಮಾಡಿದ್ದು. ಜ್ಯೋತಿ ಖುಷಿಯಿಂದ ಸ್ಪೀಕರ್ ಹಾಕಿದಳು, ನಾನೂ ಕೇಳಲಿ ಎಂದು.

"ಮೇಡಮ್ಮಾರೆ, ಬ್ಯಾಸರ ಮಾಡ್ಕಬ್ಯಾಡಿ. ನೀವು ಪಾಟ ಅಷ್ಟು ಚೆಂದಾಗಿ ಮಾಡ್ಬ್ಯಾಡಿ."

"ಯಾಕಮ್ಮ?"

"ಮಗ್ಗ ನಿಂತೋಯ್ತದೆ ಕಣ್ರವ್ವ."

ಜ್ಯೋತಿ ನಕ್ಕಳು. "ನಿಮ್ಮ ಯಜಮಾನರಿಗೆ ಹೇಳಿ, ನೇಯ್ತಾ ನೇಯ್ತಾನೇ ಕೇಳಿ ಅಂತ."

"ಅವ್ರೆಲ್ಲಿ ನೇಯ್ತಾರೆ? ಅವ್ರ ಸೊಂಟ ಓಗಿ ವರ್ಸಾಯ್ತು. ಮಲಗಿದ್ ತಾವೇ ಮಲಗವ್ರೆ. ಮಗ್ಗದಲ್ಲಿ ಕೂತಿರೋದು ಚೌಡೇಶ್ವರಿನೇ ಅಲ್ವ?" ಆಕೆ ದನಿ ತಗ್ಗಿಸಿದಳು. "ಇಂಗೇ ನಿಂತ್ಕಂಡು ನಿಂತ್ಕಂಡು ಸೀರೆ ಒತ್ತಿಗೆ ಮುಗೀನಿಲ್ಲ. ನೂಲು ಕೊಟ್ಟು ನೇಯ್ಸೋ ಸಾವ್ಕಾರ್ರು ಬಂದು ಕೂಗಾಡ್ಬುಟ್ಟು ಓದ್ರು. ಇನ್ನೊಂದ್ ಕಿತ ನಿಂತ್ರೆ ಫೋನು ಕಿತ್ತು ಮಡಗ್ತೀನಿ, ಓದು ಸಾಕು ಅಂತ ನಮ್ ಯಜಮಾನ್ರು ಅಂದವ್ರೆ. ಅದ್ಕೇ ಯೋಳ್ದೆ."

ಜ್ಯೋತಿ ಸ್ಪೀಕರ್ ಆರಿಸಿದಳು. ಇಷ್ಟು ದಿನ ತಾನು ಹಿಗ್ಗಿನಿಂದ ನಿಲ್ಲಿಸುತ್ತಿದ್ದದ್ದು ಒಂದು ಮಗುವಿನ ಕೈಯನ್ನು. ಪಾಠ ಚೆನ್ನಾಗಿದ್ದರೆ ಆ ಹುಡುಗಿಯ ಫೋನು ಹೋಗುತ್ತದೆ. ಚೆನ್ನಾಗಿಲ್ಲದಿದ್ದರೆ ಅವಳು ಅದನ್ನು ಕೇಳುವುದೇ ಇಲ್ಲ. ಎರಡರಲ್ಲೂ ಹುಡುಗಿ ಕೈ ಬಿಟ್ಟು ಹೋಗುತ್ತಾಳೆ.

ಮರುದಿನ ಅವಳು ಪುಸ್ತಕ ತೆರೆದು ಸಾಲು ಸಾಲಾಗಿ ಓದಿದಳು, ರೇಷನ್ ಅಂಗಡಿಯಲ್ಲಿ ಹೆಸರು ಕೂಗುವವರ ಹಾಗೆ. ಮಗ್ಗ ಕುಣಿಯುತ್ತಾ ಓಡಿತು. ಬಿಲ್ಲೆಗಳು ಒಂದೊಂದಾಗಿ ಮಾಯವಾದವು. ಕೊನೆಗೆ ಹೇಮಂತ, "ಮೇಡಂ, ಉಸಾರಿಲ್ವ?" ಎಂದು ಕೇಳಿದ. ಅವಳು ಫೋನು ಆರಿಸಿ ಟ್ಯಾಂಕಿಗೆ ಒರಗಿ ಅತ್ತಳು. ನನಗೆ ಅಳುವ ಹೆಂಗಸನ್ನು ಸಮಾಧಾನ ಮಾಡುವ ಜಾಣತನ ಇಲ್ಲ. ಸ್ಕೂಟರ್ ತೆಗೆದೆ. "ನಡಿ, ಕೊಳ್ಳೇಗಾಲಕ್ಕೆ ಹೋಗಿ ಬರೋಣ" ಎಂದೆ. ಮಾಂಬಳ್ಳಿ ದಾಟುವವರೆಗೂ ಹಿಂದಿನಿಂದ ನನ್ನ ಭುಜ ಚುಚ್ಚುತ್ತಾ, ಬೇಗ ಬೇಗ ಎನ್ನುತ್ತಿದ್ದಳು. ಆ ಗಾಡಿಯ ಯೋಗ್ಯತೆ ಅವಳಿಗೂ ಗೊತ್ತಿತ್ತು.

ಚೌಡೇಶ್ವರಿಯ ಮನೆ ಎಂದರೆ ಒಂದೇ ಕೋಣೆ, ಅರ್ಧಕ್ಕೆ ಮಗ್ಗ. ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಹುಡುಗಿ ಕೂತಿದ್ದಳು. ಫೋನನ್ನು ಮೇಲಿನ ತೊಲೆಗೆ ಹಳೇ ರವಿಕೆಯ ಬಟ್ಟೆಯಲ್ಲಿ ಕಟ್ಟಿತ್ತು. ಗೋಡೆ ಕಡೆ ಮುಖ ಮಾಡಿ ಚಾಪೆಯ ಮೇಲೆ ರಾಜಣ್ಣ ಮಲಗಿದ್ದ. ಮೇಡಂ ಬಂದರೆಂದು ಏಳಲು ಹೋಗಿ, ಆಗದೆ, ಮಲಗಿದಲ್ಲೇ ಕೈ ಮುಗಿದ.

"ತರಗತಿ ನಡೆಯೋ ಹೊತ್ತು ಮಾತ್ರ ಮಗ್ಗ ನಿಲ್ಲಿಸಕ್ಕಾಗಲ್ವ ರಾಜಣ್ಣ?" ಎಂದು ಜ್ಯೋತಿ ಕೇಳಿದಳು.

"ಓದ್ಬ್ಯಾಡ ಅನ್ನಲ್ಲ ಮೇಡಂ. ಮಗ್ಗ ನಿಂತ್ರೆ ಒಲೆ ನಿಂತ್ಕತದೆ. ನಾನೇನ್ ಮಾಡ್ಲಿ, ಯೋಳಿ."

ಜ್ಯೋತಿ ಹುಡುಗಿಯ ಪಕ್ಕ ನೆಲದಲ್ಲೇ ಕೂತು, "ಮೈಕ್ ಯಾಕಮ್ಮ ಯಾವಾಗಲೂ ಆನ್ ಇಟ್ಟಿರ್ತೀಯ?" ಎಂದಳು.

ಚೌಡೇಶ್ವರಿ ತಲೆ ತಗ್ಗಿಸಿದಳು. "ನೀವೇ ಅಂದ್ರಲ್ಲ ಮೇಡಂ, ಸದ್ದಿಲ್ದೋರ್ಗೆ ಆಜರಿ ಇಲ್ಲ ಅಂತ. ಕೇಳ್ದಾಗೆಲ್ಲ ಮಾತಾಡ್ತಾ ಕೂತ್ರೆ ಎಳೆ ತಪ್ಪೋಯ್ತದೆ. ಮಗ್ಗದ್ ಸದ್ದಾದ್ರೂ ಓಗ್ಲಿ, ನಾನಿವ್ನಿ ಅಂತ ಗೊತ್ತಾಯ್ತದೆ ಅಂದ್ಕಂಡಿ. ನೀವು ಆಫ್ ಮಾಡ್ಬುಟ್ರೆ ಅಳು ಬತ್ತಿತ್ತು. ಆಜರಿ ಓಯ್ತಲ್ಲ ಅಂತ."

ಸಿಟ್ಟಿನಲ್ಲಿ ಆಡಿದ ಒಂದು ಮಾತನ್ನು ಯಾರೂ ಕೇಳಿಸಿಕೊಳ್ಳಲಿಲ್ಲ ಎಂದು ಇವಳು ಕೊರಗಿದ್ದಳು. ಒಬ್ಬಳು ಅದನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದ್ದಳು. ಜ್ಯೋತಿ ಅವಳ ತಲೆ ಸವರಿದಳು. ಸ್ವಲ್ಪ ಹೊತ್ತು ಲಾಳಿ ಓಡುವುದನ್ನೇ ನೋಡುತ್ತಿದ್ದು, ಆಮೇಲೆ ಕೇಳಿದಳು: "ನೀನು ನಿಲ್ಲಿಸದೆ ಮಗ್ಗ ತಾನಾಗೇ ನಿಲ್ಲೋದು ಯಾವಾಗ?"

"ಕಂಡಿಕೆ ಮುಗ್ದಾಗ. ಲಾಳಿ ಒಳ್ಗೆ ನೂಲು ಖಾಲಿಯಾಗಿ ಬೇರೆ ಆಕ್ತೀನಲ್ಲ, ಆಗ."

"ಆಗ ಅಪ್ಪ ಬೈತಾರಾ?"

"ಇಲ್ಲ. ಅದು ಕೆಲಸನೇ ಅಲ್ವ?"

ಮನೆಗೆ ಬರುವಾಗ ಅವಳು ನನ್ನ ಭುಜ ಚುಚ್ಚಲಿಲ್ಲ. ತನ್ನಷ್ಟಕ್ಕೇ ಏನೋ ಗೊಣಗಿಕೊಳ್ಳುತ್ತಿದ್ದಳು.

ಮರುದಿನದಿಂದ ಅವಳ ಪಾಠ ವಿಚಿತ್ರವಾಯಿತು. ಮಗ್ಗ ಓಡುವಾಗ ಕೈ ನಿಲ್ಲದಂತೆ ಸಾವಕಾಶವಾಗಿ ಹೇಳುತ್ತಾಳೆ, ಹೇಳಿದ್ದನ್ನೇ ಬೇರೆ ಮಾತಿನಲ್ಲಿ ತಿರುಗಿಸುತ್ತಾಳೆ. ಕಿವಿ ಮಾತ್ರ ಕಂಡಿಕೆ ಮುಗಿಯುವ ಗಳಿಗೆಗೆ ಕಾದಿರುತ್ತದೆ. ಸದ್ದು ನಿಂತ ಕೂಡಲೇ, ಇಡೀ ಪಾಠದ ತಿರುಳನ್ನು ಒಂದೆರಡು ಮಾತಿನಲ್ಲಿ ಎದೆಗೆ ನಾಟುವಂತೆ ಹೇಳಿಬಿಡುತ್ತಾಳೆ. ಹೊಸ ಕಂಡಿಕೆ ಕೂತು ಟಕ್ಕ ಟಕ್ ಬಂದರೆ ಮತ್ತೆ ಸಾವಕಾಶ. ಮೇಡಂ ಯಾಕೆ ಹೀಗೆ ಎಳೆದೂ ಎಳೆದೂ ಥಟ್ಟನೆ ಬಾಂಬು ಹಾಕುತ್ತಾರೆಂದು ಬೇರೆ ಮಕ್ಕಳಿಗೆ ತಿಳಿಯಲಿಲ್ಲ. ಆದರೆ ಆ ಬಾಂಬಿಗಾಗಿ ಅವರೂ ಕಾಯತೊಡಗಿದರು. ಜ್ಯೋತಿಗೆ ಮಾತ್ರ ನೆಮ್ಮದಿಯಿಲ್ಲ. ಒಂದು ಮಾತು ಹೆಚ್ಚಾಯಿತೋ, ಕೈ ನಿಂತಿತೋ, ಇವತ್ತೇ ಫೋನು ಕಿತ್ತರೋ ಎಂದು ಊಟಕ್ಕೆ ಕೂತಾಗಲೂ ಕಿವಿ ನಿಮಿರಿಸಿಕೊಂಡೇ ಇರುತ್ತಿದ್ದಳು.

ಹೀಗೇ ತಿಂಗಳುಗಳು ಕಳೆದು ಚಳಿಗಾಲ ಬಂತು. ಪಾಠ ಅಮರ ಸುಳ್ಯದ ರೈತರ ದಂಗೆಗೆ ಬಂದಿತ್ತು. ಕಂದಾಯವನ್ನು ಬೆಳೆಯಲ್ಲಿ ಕೊಡುತ್ತಿದ್ದವರಿಗೆ ಇನ್ನು ರೊಕ್ಕದಲ್ಲೇ ಕೊಡಿ ಎಂದು ಬ್ರಿಟಿಷರು ಹೇಳಿದ ಮೇಲೆ ಆ ಜನ ಎದ್ದದ್ದು, ಬೆಳ್ಳಾರೆಯ ಖಜಾನೆ ಹೊಡೆದು ಮಂಗಳೂರಿನ ಕಡೆ ಹೊರಟದ್ದು. ಅಲ್ಲಿಗೆ ಗಂಟೆಯಾಗಿತ್ತು; ಉಳಿದದ್ದು ನಾಳೆ ಎಂದು ಜ್ಯೋತಿ ನಿಲ್ಲಿಸಿದ್ದಳು.

ಮರುದಿನ ಅವಳು ಶುರು ಮಾಡುತ್ತಿದ್ದಂತೆಯೇ ಮಾತು ನಿಲ್ಲಿಸಿದಳು. ಫೋನನ್ನು ಅಂಗೈಯಲ್ಲಿ ಮುಚ್ಚಿ, "ರೀ, ಇದು ಆ ಹುಡುಗಿಯ ಕೈಯಲ್ಲ" ಎಂದಳು. ಕಾಫಿ ತಂದಿದ್ದ ನಾನೂ ಕಿವಿಗೊಟ್ಟೆ. ಒಂದು ಏಟು ಬೀಳುತ್ತಿತ್ತು, ಆಮೇಲೆ ಬಹಳ ಹೊತ್ತು ಏನೂ ಇಲ್ಲ, ಮತ್ತೆ ಒಂದು ಏಟು. ನಡುವೆ ಯಾರೋ ಉಸಿರು ಬಿಗಿಹಿಡಿದು ಬಿಡುವುದು ಕೇಳಿಸುತ್ತಿತ್ತು.

"ಚೌಡೇಶ್ವರಿ, ಮಗ್ಗದಲ್ಲಿ ಯಾರಮ್ಮ ಇರೋದು?"

ಎಲ್ಲರ ಮುಂದೆ ಆ ಹುಡುಗಿ ಮಾತಾಡಿದ್ದು ಅದೇ ಮೊದಲು. "ಅಪ್ಪ ಮೇಡಂ."

"ಸೊಂಟ?"

"ನೋಯ್ತಾ ಅದೆ. ಬ್ಯಾಡ ಅಂದ್ರೆ ಕೇಳ್ನಿಲ್ಲ. ಮಂಗ್ಳೂರ್ಗೆ ಒಂಟೋರು ಏನಾದ್ರು ಅಂತ ನಂಗೂ ನಿನ್ನೆಯಿಂದ ನಿದ್ದೆ ಇಲ್ಲ, ನೀನು ಏಳು ಮ್ಯಾಕ್ಕೆ, ಸರ್ಯಾಗಿ ಕೇಳುಸ್ಕ ಅಂದ್ರು."

ಜ್ಯೋತಿಗೆ ಕಣ್ಣೀರು ಇಳಿಯುತ್ತಿತ್ತು. ಅವಳು ಒರೆಸಿಕೊಳ್ಳದೆ, "ರಾಜಣ್ಣ, ಬೇಡ, ಎದ್ದುಬಿಡಿ. ಇವತ್ತು ಪಾಠ ಬೇಡ, ಇನ್ನೊಂದು ದಿನ ಹೇಳ್ತೀನಿ" ಎಂದಳು.

ದೂರದಿಂದ, ಹಲ್ಲು ಕಚ್ಚಿಕೊಂಡ ದನಿಯೊಂದು ಬಂತು.

"ನಿಲ್ಲಿಸ್ಬ್ಯಾಡಿ ಮೇಡಂ. ಕುಂತಾಯ್ತಲ್ಲ. ಯೋಳಿ."

ಅವಳು ಹೇಳಿದಳು. ಅವತ್ತು ಎಳೆಯಲಿಲ್ಲ, ತಿರುಗಿಸಿ ಹೇಳಲಿಲ್ಲ. ಆ ರೈತರನ್ನು ಒಂದೇ ಉಸಿರಿಗೆ ಮಂಗಳೂರಿಗೆ ಮುಟ್ಟಿಸಿದಳು.