ಹಲ್ಲು ತೋರಿಸುವ ಮೊದಲು ಹಲ್ಲು ತಿಕ್ಕಿದ್ದು

ಹೋದ ವರ್ಷ ಸ್ವಾತಂತ್ರ್ಯ ದಿನದಂದು ನಮ್ಮ ನರಸಿಂಹರಾಜಪುರದ ಶಾಲೆಯ ಮೈದಾನದಲ್ಲಿ ನಾನು "ಸಾವಧಾನ್" ಎಂದು ಕೂಗಿದೆ. ಹೊರಟದ್ದು ಸೀಟಿ. ಮುಂದಿನ ಎರಡು ಹಲ್ಲು ಆಗಲೇ ಬಿದ್ದಿದ್ದವು, ಗಾಳಿಗೆ ದಾರಿ ಸಿಕ್ಕಿತ್ತು. ಮಕ್ಕಳು ನಕ್ಕರು. ಸೈನ್ಯದಿಂದ ನಿವೃತ್ತನಾಗಿ ಬಂದ ಮೇಲೆ ಊರು ನನಗೆ ಕೊಟ್ಟ ಮರ್ಯಾದೆ ಎಂದರೆ ವರ್ಷಕ್ಕೊಮ್ಮೆ ಆ ಕವಾಯತಿನ ಆಜ್ಞೆ ಕೂಗುವುದು. ಈ ವರ್ಷದ ಧ್ವಜಾರೋಹಣದೊಳಗೆ ಹಲ್ಲು ಕಟ್ಟಿಸಲೇಬೇಕಿತ್ತು.

ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಪಲ್ಟನ್ನಿನ ಗೆಳೆಯ ಬೈದ. "ಮಾಜಿ ಸೈನಿಕರ ಕಾರ್ಡ್ ಇಟ್ಕೊಂಡು ಬಾಯಿ ಮುಚ್ಕೊಂಡು ಕೂತಿದೀಯಲ್ಲ ಮಾರಾಯ! ಜ್ವರಕ್ಕೆ ಮಾತ್ರ ಅಲ್ಲ, ಹಲ್ಲಿಗೂ ಪುಕ್ಕಟೆ ಚಿಕಿತ್ಸೆ ಉಂಟು. ಕೀಳೋದು, ತುಂಬೋದು, ಕಟ್ಟೋದು. ಮೊದಲು ನಮ್ಮ ಸೈನಿಕರ ಕ್ಲಿನಿಕ್ಕಲ್ಲಿ ತೋರಿಸು, ಅವರು ಬರೆದುಕೊಟ್ರೆ ದೊಡ್ಡ ಆಸ್ಪತ್ರೆ. ಚಂದ ಕಾಣ್ಲಿ ಅಂತ ಬೆಳ್ಳಗೆ ಮಾಡ್ಸಕ್ಕೆ ಮಾತ್ರ ಇಲ್ಲ."

ಕೊನೆಯ ಆ ಮಾತು ನನ್ನ ನಿದ್ದೆ ಕೆಡಿಸಿತು. ಚಂದಕ್ಕೆ ಇಲ್ಲವೆಂದರೆ ಚಟಕ್ಕೂ ಇರಲಿಕ್ಕಿಲ್ಲ. ಉಳಿದ ಹಲ್ಲುಗಳೆಲ್ಲ ಕವಳದಿಂದ ಕೆಂಪು ತಿರುಗಿ ಕಪ್ಪಾಗಿದ್ದವು. ಸೇವೆಯಲ್ಲಿ ಕೆಟ್ಟ ಹಲ್ಲಿಗೆ ಸರ್ಕಾರ ಕೊಟ್ಟೀತು, ಎಲೆ ಅಡಿಕೆ ಜಗಿದು ಕೆಡಿಸಿಕೊಂಡದ್ದಕ್ಕೆ ಯಾಕೆ ಕೊಡುತ್ತದೆ? ಚಿಂತೆ ಮಾಡುವ ಕೆಲಸದಿಂದ ನಾನಿನ್ನೂ ನಿವೃತ್ತನಾಗಿಲ್ಲ. ಸಾಕ್ಷಿ ನಾಶ ಮಾಡಿಯೇ ಡಾಕ್ಟರ ಹತ್ತಿರ ಹೋಗುವುದೆಂದು ತೀರ್ಮಾನಿಸಿದೆ. ಭತ್ತದ ಹೊಟ್ಟು ಸುಟ್ಟ ಉಮಿಕರಿ, ಉಪ್ಪು, ನಿಂಬೆರಸ, ಬೆಳಿಗ್ಗೆ ಸಂಜೆ. ಬೂಟು ಉಜ್ಜಿ ಪಳಗಿದ ಕೈ. ಹಲ್ಲನ್ನೂ ಹಾಗೇ ಉಜ್ಜಿತು.

ಹೆಂಡತಿ ಬಚ್ಚಲ ಬಾಗಿಲಲ್ಲಿ ನಿಂತು, "ಡಾಕ್ಟ್ರಿಗೆ ತೋರ್ಸಕ್ಕೆ ಹೊರಟಿದ್ದೋ, ಹೆಣ್ಣು ನೋಡಕ್ಕೋ?" ಎಂದಳು.

ಕ್ಲಿನಿಕ್ಕಿನ ದಂತವೈದ್ಯೆಗೆ ಹೆಚ್ಚೆಂದರೆ ನನ್ನ ಮಗಳ ವಯಸ್ಸು. ದೀಪ ತಿರುಗಿಸಿ ನೋಡಿ, "ಎಂತ ಮಾಡ್ಕೊಂಡ್ರಿ ಇದು? ವಸಡೆಲ್ಲ ಹಸಿ ಗಾಯ!" ಎಂದರು.

"ಗಡಿಯ ಚಳಿ, ಮೇಡಂ," ಎಂದೆ.

"ಗಾಯ ಈ ವಾರದ್ದು ಸರ್."

ಆ ಚಳಿಯಲ್ಲಿ ಬೆರಳು ಕಳೆದುಕೊಂಡವರನ್ನು ನಾನು ಬಲ್ಲೆ. ಅವರ ಚಳಿಯನ್ನು ತಂದು ನನ್ನ ಕವಳಕ್ಕೆ ಹೊದಿಸಲು ಹೊರಟಿದ್ದೆ. ಮುಖ ತಿರುಗಿಸೋಣವೆಂದರೆ ಆ ಕುರ್ಚಿಯಲ್ಲಿ ಅದಕ್ಕೂ ಜಾಗವಿಲ್ಲ. ಎಲ್ಲ ಹೇಳಿಬಿಟ್ಟೆ, ಉಮಿಕರಿಯ ಸಮೇತ.

ಅವರು ನಗಲಿಲ್ಲ. ನಕ್ಕಿದ್ದರೆ ಸುಲಭವಾಗುತ್ತಿತ್ತು. "ಹಲ್ಲು ಯಾಕೆ ಕೆಟ್ಟಿತು ಅಂತ ಇಲ್ಲಿ ಯಾರೂ ಕೇಳಲ್ಲ. ನೀವು ಸರ್ವೀಸ್ ಮಾಡಿದೀರಿ, ಅಷ್ಟು ಸಾಕು. ಕವಳಕ್ಕೆ ನಾನು ಬೈತೀನಿ, ಅದು ಬೇರೆ. ಆದ್ರೆ ಈ ವಸಡಿನ ಮೇಲೆ ಅಳತೆ ತೆಗೆಯಕ್ಕಾಗಲ್ಲ. ಮಾಯ್ಲಿ, ಆಮೇಲೆ ಬರೆದುಕೊಡ್ತೀನಿ."

"ಸ್ವಾತಂತ್ರ್ಯ ದಿನದೊಳಗೆ ಆಗ್ತದಾ?"

"ಉಜ್ಜದೇ ಬಂದಿದ್ರೆ ಆಗ್ತಿತ್ತು."

ವಾಪಸು ಬರುವ ಬಸ್ಸಿನಲ್ಲಿ ಕೈ ಎರಡು ಸಲ ಕವಳದ ಸಂಚಿಗೆ ಹೋಯಿತು. ಎರಡು ಸಲವೂ ಕೈಯನ್ನು ತೊಡೆಯ ಕೆಳಗಿಟ್ಟು ಕೂತೆ.

ಧ್ವಜಾರೋಹಣದ ದಿನ ಡ್ರಿಲ್ ಮೇಷ್ಟರ ಸೀಟಿ ಕೇಳಿ ಪಡೆದೆ. ಕೂಗುವ ಬದಲು ಊದಿದರಾಯಿತು, ಬಾಯಿಯೂ ಮುಚ್ಚಿರುತ್ತದೆ ಎಂಬ ಲೆಕ್ಕ. ತುಟಿಗಿಡುವಷ್ಟರಲ್ಲಿ ಮುಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು:

"ಸಾರ್, ನಿಮಗೆ ಸೀಟಿ ಎಂತಕ್ಕೆ? ಹೋದ ವರ್ಷ ಬಾಯಲ್ಲೇ ಹೊಡೆದಿದ್ರಲ್ಲ!"

ಸೀಟಿಯನ್ನು ಜೇಬಿಗೆ ಹಾಕಿಕೊಂಡು ಇದ್ದ ಬಾಯಲ್ಲೇ ಕೂಗಿದೆ.