ಏಳನೇ ಪುಟದ ಕೆಂಪು ಗೀಟು

ಹನ್ನೆರಡು ವರ್ಷದಿಂದ ಬರೆಯುವುದೇ ನನ್ನ ಕೆಲಸ. ಆಫೀಸಿಲ್ಲ, ಬಾಸಿಲ್ಲ. ನ್ಯೂಜೆರ್ಸಿಯ ಸಮರ್‌ಸೆಟ್‌ನಲ್ಲಿರುವ ನಮ್ಮ ಟೌನ್‌ಹೌಸಿನ ಊಟದ ಟೇಬಲ್ಲೇ ಎಲ್ಲ. ಕೇಳಿದವರಿಗೆ ಬರೆದುಕೊಡುತ್ತೇನೆ, ಕೇಳದವರಿಗೂ ಬರೆದು ಕಳಿಸುತ್ತೇನೆ. ಕೇಳದವರು 'ಸದ್ಯಕ್ಕೆ ನಮ್ಮ ಪತ್ರಿಕೆಗೆ ಹೊಂದುವುದಿಲ್ಲ' ಎಂದು ಉತ್ತರ ಬರೆದು, ಕೊನೆಯಲ್ಲಿ ಶುಭ ಹಾರೈಸುತ್ತಾರೆ. ಆ ಹಾರೈಕೆ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಬೇಡ ಎಂದ ಮೇಲೆ ಹಾರೈಕೆ ಯಾವ ಪುರುಷಾರ್ಥಕ್ಕೆ? "ಅಮ್ಮಾ, ಇಟ್ಸ್ ಜಸ್ಟ್ ಎ ನೋ" ಅನ್ನುತ್ತಾಳೆ ಮಗಳು ತನುಶ್ರೀ. ಹದಿನಾರು ವರ್ಷದವಳಿಗೆ ಎಲ್ಲವೂ ಜಸ್ಟ್.

ಈ ಬೇಡಗಳೆಲ್ಲ ಒಂದು ತೂಕವಾದರೆ, ನ್ಯೂಯಾರ್ಕ್ ಕಡೆಯ ಜೆರಿಕೋದ ಡಾಕ್ಟರ್ ರಾಮ್ ಹೇಳಿದ ಬೇಡವೇ ಒಂದು ತೂಕ. ಅದನ್ನು ಹೇಳಬೇಕಾದರೆ ಮೊದಲು ಅವರ ತಾಯಿ ಸುಧಾಮಣಿ ಆಂಟಿಯ ವಿಷಯ ಹೇಳಬೇಕು.

ನಮ್ಮ ಕಡೆ ಈಗೊಂದು ಪದ್ಧತಿ ಶುರುವಾಗಿದೆ. ಮನೆಯ ಹಿರಿಯರಿಗೆ ಎಂಬತ್ತು ತುಂಬಿದರೆ ಹಾಲ್ ಹಿಡಿದು, ಊಟ ಹಾಕಿಸಿ, ತಾಂಬೂಲದ ಚೀಲದಲ್ಲಿ ತೆಂಗಿನಕಾಯಿಯ ಜೊತೆ ಅವರ ಜೀವನದ ಕಥೆಯನ್ನೂ ಪುಟ್ಟ ಪುಸ್ತಕ ಮಾಡಿ ಹಂಚುವುದು. ಎಡಪುಟದಲ್ಲಿ ಕನ್ನಡ, ಬಲಪುಟದಲ್ಲಿ ಮೊಮ್ಮಕ್ಕಳಿಗಾಗಿ ಇಂಗ್ಲಿಷ್. ಇಂಥ ಒಂಬತ್ತು ಪುಸ್ತಕ ನಾನು ಬರೆದುಕೊಟ್ಟಿದ್ದೇನೆ. ಒಂಬತ್ತರಲ್ಲೂ ಹಿರಿಯರು ತ್ಯಾಗಮೂರ್ತಿಗಳು, ಮಿತಭಾಷಿಗಳು, ಜನ್ಮದಲ್ಲಿ ಒಬ್ಬರ ಜೊತೆಗೂ ಜಗಳವಾಡದವರು. ಮನೆಯವರು ಹೇಳಿದ ಹಾಗೆ ಬರೆದೆ, ನನಗೂ ನಾಚಿಕೆಯಾಗಲಿಲ್ಲ. ಹತ್ತನೆಯದಕ್ಕೆ ರಾಮ್ ಫೋನ್ ಮಾಡಿದರು. "ಅಮ್ಮನ ಜೊತೆ ನಿಧಾನವಾಗಿ ಕೂತ್ಕೊಂಡು ಬರೀರಿ, ನೋ ರಷ್" ಎಂದರು. ಸೇತುವೆಗಳನ್ನು ದಾಟಿ ನಾಲ್ಕು ಶನಿವಾರ ಜೆರಿಕೋಗೆ ಡ್ರೈವ್ ಮಾಡಿದೆ.

ಸುಧಾಮಣಿ ಆಂಟಿ ಮಿತಭಾಷಿಯಲ್ಲ. ಮೊದಲ ದಿನವೇ, "ನೀನು ಬರೆಯೋದು ಸ್ತೋತ್ರಾನೋ, ನನ್ನ ಕಥೇನೋ?" ಎಂದು ಕೇಳಿದರು. ಕಥೆ ಎಂದೆ. "ಹಾಗಾದ್ರೆ ಕಾಫಿ ತಗೊಂಡು ಕೂತ್ಕೋ" ಎಂದರು.

ಸಾವಿರದ ಒಂಬೈನೂರ ಎಂಬತ್ತೇಳರಲ್ಲಿ ಗಂಡ ಮತ್ತು ಹನ್ನೊಂದು ವರ್ಷದ ಮಗನ ಜೊತೆ ಮೈಸೂರಿನಿಂದ ನ್ಯೂಜೆರ್ಸಿಗೆ ಬಂದವರು ಅವರು. ಮೂರೇ ವರ್ಷಕ್ಕೆ ಎಂಜಿನಿಯರ್ ಗಂಡನ ಕೆಲಸ ಹೋಯಿತು. ಗಂಡ ಗೋಡೆ ನೋಡುತ್ತಾ ಕೂತರು. ಆಂಟಿ ಮಗ ಓದುತ್ತಿದ್ದ ಹೈಸ್ಕೂಲಿನ ಕೆಫೆಟೇರಿಯಾದಲ್ಲಿ ಬಡಿಸುವ ಕೆಲಸಕ್ಕೆ ಸೇರಿದರು. ತಲೆಗೆ ಬಲೆ ಟೋಪಿ, ಕೈಗೆ ಪ್ಲಾಸ್ಟಿಕ್ ಗ್ಲೌಸು. ಮೊಟ್ಟೆಯನ್ನೂ ಮುಟ್ಟದ ಹೆಂಗಸು ದಿನಕ್ಕೆ ನಾನೂರು ಮಕ್ಕಳ ತಟ್ಟೆಗೆ ಮಾಂಸ ಬಡಿಸಿದರು. "ಮೊದಲನೇ ವಾರ ವಾಂತಿ ಬಂತು. ಎರಡನೇ ವಾರ ಸಂಬಳ ಬಂತು. ವಾಂತಿ ನಿಂತ್ಹೋಯ್ತು" ಎಂದು ನಕ್ಕರು. ಅಲ್ಲಿ ಅವರು ಮೊದಲು ಕಲಿತ ಇಂಗ್ಲಿಷ್ ಮಾತು 'ನೆಕ್ಸ್ಟ್'. ಒಂಬತ್ತು ವರ್ಷ ಆ ಮಾತು ಹೇಳಿ ಮನೆ ನಡೆಸಿದರು.

ಮೂರನೇ ಶನಿವಾರ ದನಿ ತಗ್ಗಿಸಿದರು. "ಇದೊಂದು ಬರ್ಕೋ. ರಾಮು ಅದೇ ಸ್ಕೂಲಲ್ಲಿ ನಾಲ್ಕು ವರ್ಷ ಓದಿದ. ಒಂದು ದಿನಾನೂ ನನ್ನ ಲೈನಿಗೆ ಬರಲಿಲ್ಲ. ಅವನ ಫ್ರೆಂಡ್ಸೆಲ್ಲ ಬರೋರು. ಇವನು ಕಿಟಕಿ ಪಕ್ಕದಲ್ಲಿ ಖಾಲಿ ಹೊಟ್ಟೇಲಿ ಪುಸ್ತಕ ಹಿಡ್ಕೊಂಡು ಕೂತಿರೋನು. ನಾನು ಕಟ್ಟಿಕೊಟ್ಟ ಡಬ್ಬಿ ತೆಗೆಯೋಕೂ ನಾಚಿಕೆ, ನನ್ನ ಮುಂದೆ ಬಂದು ನಿಲ್ಲೋಕೂ ನಾಚಿಕೆ. ಮನೆಗೆ ಬಂದು ಎರಡು ತಟ್ಟೆ ಅನ್ನ ತಿನ್ನೋನು. ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಈಗಂತೂ ಅವನಿಗೆ ಮರೆತೇ ಹೋಗಿದೆ."

"ಬರೆಯಲಾ ಆಂಟಿ?"

"ಬರೀಲಿ ಅಂತಾನೇ ಹೇಳಿದ್ದು."

ಬರೆದೆ. ಹನ್ನೆರಡು ವರ್ಷದಲ್ಲಿ ನಾನು ಬರೆದುದರಲ್ಲೆಲ್ಲ ಅದೇ ಚೆನ್ನಾಗಿತ್ತು, ಬಿಂಕಕ್ಕೆ ಹೇಳುತ್ತಿಲ್ಲ. ಆಂಟಿಯ ಮಾತನ್ನು ಹೆಚ್ಚುಕಡಿಮೆ ಅವರು ಹೇಳಿದ ಹಾಗೇ ಇಟ್ಟಿದ್ದೆ. ಲೈನಿನ ಮಾತು ಏಳನೇ ಪುಟದಲ್ಲಿ ಬಂತು.

ಆಂಟಿ ದೇವಸ್ಥಾನಕ್ಕೆ ಹೋಗಿದ್ದ ಒಂದು ದಿನ ರಾಮ್ ನನ್ನನ್ನು ಮನೆಗೆ ಕರೆಸಿದರು. ನಾನು ಕಳಿಸಿದ್ದು ಪ್ರಿಂಟ್ ಆಗಿ ಟೇಬಲ್ ಮೇಲಿತ್ತು, ಪಕ್ಕದಲ್ಲಿ ಕೆಂಪು ಪೆನ್ನು. ಕೆಫೆಟೇರಿಯಾದ ಕೆಲಸ ಎಂದಿದ್ದ ಕಡೆಯೆಲ್ಲ ಒಂದೊಂದು ನೀಟಾದ ಗೀಟು ಎಳೆದು, ಮೇಲೆ 'ಗೃಹಿಣಿ' ಎಂದು ಬರೆದಿದ್ದರು. ಏಳನೇ ಪುಟದಲ್ಲಿ ಮಾತ್ರ ಗೀಟಲ್ಲ, ಗೀಚು. ಪೆನ್ನಿನ ತುದಿ ಕಾಗದ ಹರಿದು ಎಂಟನೇ ಪುಟಕ್ಕೂ ಇಳಿದಿತ್ತು.

"ಹಂಸಿನಿ, ನೀವು ಬ್ಯೂಟಿಫುಲ್ ಆಗಿ ಬರೀತೀರಿ. ಆದ್ರೆ ದಿಸ್ ಈಸ್ ನಾಟ್ ದಿ ಟೋನ್. ಇನ್ನೂರು ಜನ ಬರ್ತಾರೆ. ಅಮ್ಮನಿಗೆ ಎಂಬ್ಯಾರಸಿಂಗ್ ಆಗುತ್ತೆ."

"ಅಮ್ಮನಿಗಾ? ಬರಿ ಅಂತ ಹೇಳಿದ್ದೇ ಅವರು."

"ಅವರಿಗೆ ವಯಸ್ಸಾಗಿದೆ. ಸ್ವಲ್ಪ ಪಾಸಿಟಿವ್ ಆಗಿ ಇನ್ನೊಂದು ಬರೆದುಕೊಡಿ."

ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. "ಒಂಬತ್ತು ವರ್ಷ ನಿಮಗೆ ಅನ್ನ ಹಾಕಿದ ಕೆಲಸವನ್ನ ಒಂದು ಪೆನ್ನಲ್ಲಿ ಹೊಡೆದು ಹಾಕಿದ್ರಲ್ಲ, ಕೈ ಹೇಗೆ ಬಂತು ನಿಮಗೆ?" ಎಂದೆ. ಅವರ ಮುಖ ಬಿಳಿಚಿಕೊಂಡಿತು. "ಐ ಥಿಂಕ್ ವೀ ಆರ್ ಡನ್" ಎಂದು ಎದ್ದು ನಿಂತರು. ನಾನು ಆ ಪುಟಗಳನ್ನು ಬಾಚಿಕೊಂಡು ಬಂದೆ. ದಾರಿಯುದ್ದಕ್ಕೂ ಕಾರಿನ ಕಿಟಕಿ ಏರಿಸಿಕೊಂಡು ಬೈದೆ. ರಾಮ್‌ಗೆ ಬೈದೆ, ಶುಭ ಹಾರೈಸಿದ ಸಂಪಾದಕರಿಗೆಲ್ಲ ಬೈದೆ, ಇಂಥ ಒಂಬತ್ತು ಸುಳ್ಳು ಪುಸ್ತಕ ಬರೆದ ನನಗೂ ಬೈದುಕೊಂಡೆ. ಮುದುಕಿ ನಂಬಿ ಕೊಟ್ಟ ಮಾತನ್ನು ಉಳಿಸಲಾಗಲಿಲ್ಲವಲ್ಲ ಎಂಬ ಉರಿ ಮಾತ್ರ ಇಳಿಯಲಿಲ್ಲ.

ರಾಮ್ ಕಂಪ್ಯೂಟರಿನ ಕೈಲೇ ಪುಸ್ತಕ ಬರೆಸಿದರು. ಸಮಾರಂಭಕ್ಕೆ ಹೋಗುವುದಿಲ್ಲ ಎಂದು ಕೂತಿದ್ದೆ. ಆಂಟಿ ಫೋನ್ ಮಾಡಿ, "ನೀನು ಬರದಿದ್ರೆ ನಾನು ಕೇಕ್ ಕಟ್ ಮಾಡಲ್ಲ" ಎಂದರು. ಹೋದೆ. ಕೆಂಪು ಗೀಟಿನ ಪುಟಗಳನ್ನು ಚೀಲದಲ್ಲಿಟ್ಟುಕೊಂಡೇ ಹೋದೆ.

ಹಾಲಿನ ಮೂಲೆಯಲ್ಲಿ ಆಂಟಿ ಹೊಸ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ತಿರುವುತ್ತಿದ್ದರು. 'ವಾತ್ಸಲ್ಯದ ಕಡಲು' ಎಂದಿತ್ತು. 'ಆದರ್ಶ ಗೃಹಿಣಿ' ಎಂದಿತ್ತು. "ಇದರಲ್ಲಿ ನಾನೆಲ್ಲಿದೀನೇ?" ಎಂದು ಕೇಳಿದರು.

ನಡೆದದ್ದನ್ನು ಹೇಳಿ, ನನ್ನ ಪುಟಗಳನ್ನು ಅವರ ಮಡಿಲಲ್ಲಿಟ್ಟೆ. ಕನ್ನಡಕ ಹಾಕಿಕೊಂಡು ಒಂದೊಂದೇ ನೋಡಿದರು. ಏಳನೇ ಪುಟಕ್ಕೆ ಬಂದು ನಿಂತರು. ಹರಿದ ಜಾಗವನ್ನು ಬೆರಳಿನಿಂದ ಸವರಿದರು. ಅಳುತ್ತಾರೆ ಅಂದುಕೊಂಡೆ.

"ಇದನ್ನ ಅವನೇ ಹೊಡೆದಿದ್ದಾ?"

"ಹೂಂ ಆಂಟಿ."

"ಬೇರೆ ಕಡೆಯೆಲ್ಲ ಒಂದು ಗೀಟು. ಇಲ್ಲಿ ಪೇಪರ್ ಹರಿಯೋ ಹಾಗೆ ಗೀಚಿದಾನೆ." ತಲೆ ಎತ್ತಿ ನನ್ನನ್ನು ನೋಡಿದರು. "ಮರೆತಿದಾನೆ ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ ಕಣೇ. ಮರೆತವನು ಇಷ್ಟು ಜೋರಾಗಿ ಯಾಕೆ ಗೀಚ್ತಾನೆ?"

ಬರೆದದ್ದು ತಾಗಬೇಕಾದ ಜಾಗಕ್ಕೇ ತಾಗಿದೆ ಎಂದು ಇಲ್ಲಿಯವರೆಗೆ ಯಾವ ಒಪ್ಪಿಗೆಯ ಪತ್ರವೂ ನನಗೆ ಹೇಳಿರಲಿಲ್ಲ.

ಆಂಟಿ ಎದ್ದರು. ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನೇರ ಊಟದ ಟೇಬಲ್ಲಿನ ಹಿಂದಕ್ಕೆ ನಡೆದರು. ಅಡುಗೆಯ ಅಮರೇಶ್ವರ ಧಾರವಾಡದ ಕಡೆಯವನು. ಗಾಬರಿಯಾಗಿ, "ಅಜ್ಜೀ, ನೀವ್ಯಾಕ್ರೀ, ನಾವ್ ಬಡಸ್ತೇವ್ರೀ" ಎಂದ. "ನೀನು ಹುಟ್ಟೋಕ್ ಮುಂಚೆ ಬಡಿಸಿದೀನಪ್ಪ, ಕೊಡು" ಎಂದು ಸೌಟು ಕಿತ್ತುಕೊಂಡರು. ಅವನ ಡಬ್ಬದಿಂದ ಒಂದು ಬಲೆ ಟೋಪಿ ತೆಗೆದು, ಮುಡಿದ ಮಲ್ಲಿಗೆಯ ಮೇಲೇ ಎಳೆದುಕೊಂಡರು. ಜನ ನಗುತ್ತಾ ತಟ್ಟೆ ಹಿಡಿದು ಸಾಲು ನಿಂತರು. ಒಬ್ಬೊಬ್ಬರಿಗೆ ಒಂದೊಂದು ಸೌಟು ಬಿಸಿಬೇಳೆಬಾತು.

ಬಾಗಿಲಲ್ಲಿ ಅತಿಥಿಗಳನ್ನು ಮಾತಾಡಿಸುತ್ತಿದ್ದ ರಾಮ್ ಓಡಿಬಂದರು. "ಅಮ್ಮಾ, ಏನಿದು, ಪ್ಲೀಸ್. ಎಲ್ರೂ ನೋಡ್ತಿದಾರೆ."

"ನೋಡ್ಲಿ. ಲೈನಲ್ಲಿ ಬಾ."

ರಾಮ್ ಆ ಟೋಪಿ ನೋಡಿದರು. ನನ್ನ ಕೈಗೆ ವಾಪಸ್ ಬಂದಿದ್ದ ಏಳನೇ ಪುಟ ನೋಡಿದರು. ಆಮೇಲೆ ಒಂದು ತಟ್ಟೆ ತೆಗೆದುಕೊಂಡು, ನಲವತ್ತು ಜನರ ಹಿಂದೆ ಹೋಗಿ ನಿಂತರು. ಅವರ ಹಿಂದೆ ನಾನು ನಿಂತೆ. ನನ್ನ ಸಿಟ್ಟು ಇನ್ನೂ ಹಾಗೇ ಇತ್ತು, ನಾನು ಮಾತಾಡಿಸಲಿಲ್ಲ. ಸಾಲು ಒಂದೊಂದೇ ಹೆಜ್ಜೆ ಮುಂದೆ ಸಾಗಿತು.

"ಅಮ್ಮಾ, ಆಗ ನಾನು..." ಎಂದರು, ಸರದಿ ಬಂದಾಗ.

ಆಂಟಿ ಒಂದು ಸೌಟು ಹಾಕಿದರು. ಬೇರೆ ಯಾರಿಗೂ ಹಾಕದ ಎರಡನೇ ಸೌಟನ್ನೂ ಹಾಕಿದರು.

"ತಿನ್ನು, ಹಸಿದಿರ್ತೀಯಾ" ಎಂದರು. ಮಗ ಅಲ್ಲೇ ನಿಂತಿದ್ದರು. ಅವರ ಭುಜದಾಚೆ ನನ್ನ ಕಡೆ ನೋಡಿ ಆಂಟಿ ದನಿ ಎತ್ತರಿಸಿದರು.

"ನೆಕ್ಸ್ಟ್."