ಎರಡೇ ಕಡ್ಡಿಯ ಒಲೆ

ಸೋಲಾಪುರದಲ್ಲಿ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಸತಿಶಾಲೆಯ ಹಿಂದಿನ ಮೈದಾನದಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಕಣ್ಣಿಗೆ ಸ್ಕಾರ್ಫ್ ಬಿಗಿದುಕೊಂಡು ಮೂರು ಕಲ್ಲಿನ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದಾರೆ. ಕಡ್ಡಿ ಗೀರುತ್ತಾರೆ, ಆರುತ್ತದೆ. ಇನ್ನೊಂದು ಗೀರುತ್ತಾರೆ, ಈ ಸಲ ಹೊತ್ತಿಕೊಂಡದ್ದು ಸೆರಗಿನ ತುದಿ. ಅದನ್ನು ಪಟಪಟನೆ ಬಡಿದು ಆರಿಸಿ ಮತ್ತೆ ಪೆಟ್ಟಿಗೆ ತಡಕುತ್ತಾರೆ. ಹಾಲಿನ ಕ್ಯಾನು ತೂಗುಹಾಕಿದ ಸೈಕಲ್ಲನ್ನು ನಿಲ್ಲಿಸಿ ತುಕಾರಾಮ ಗವಳಿ ಇದನ್ನೆಲ್ಲ ನೋಡುತ್ತಿದ್ದಾನೆ.

“ಏನ್ ಮಂದಾಕ್ಕಾ, ಇವತ್ತ ಯಾವ ಸೋಗು? ಮೊನ್ನೆ ಕೈ ಕಟ್ಟಿಕೊಂಡಿದ್ರಿ, ಇವತ್ತ ಕಣ್ಣು. ನಾಳೆ ಬಾಯಿ ಕಟ್ಟಿಕೊಂಡ್ರ ಮನಿಯವರಿಗೆ ಆರಾಮ ನೋಡ್ರಿ.”

“ಕಣ್ಣು ಕಟ್ಟಿದ್ರೂ ನಿನ್ನ ಹಾಲಿನಾಗಿನ ನೀರು ನಾಲಿಗಿಗೆ ತಿಳೀತದ. ಹೋಗೋ ಮುಂದ.”

ಮಂದಾಕಿನಿ ದೇವಕುಳೆ ಈ ವಿಶೇಷ ಮಕ್ಕಳ ಶಾಲೆಯ ಹಾಸ್ಟೆಲ್ ನೋಡಿಕೊಳ್ಳುತ್ತಾರೆ, ಅಲ್ಲಿನ ಹುಡುಗಿಯರ ಗೈಡ್ ದಳಕ್ಕೂ ಅವರೇ ಕ್ಯಾಪ್ಟನ್. ಮೊದಲನೆಯ ಕೆಲಸಕ್ಕೆ ಸಂಬಳವಿದೆ. ಎರಡನೆಯದಕ್ಕೆ ಒಂದು ಸೀಟಿ, ಒಂದು ಸ್ಕಾರ್ಫ್ ಮತ್ತು ಹಾದಿಬೀದಿಯವರ ನಗು. ಚಾದರದ ಮಿಲ್ಲಿನಲ್ಲಿ ಅಂಚು ಹೊಲಿಯುತ್ತಿದ್ದವರು, ಮಿಲ್ಲಿಗೆ ಬೀಗ ಬಿದ್ದ ಮೇಲೆ ಹೊಟ್ಟೆಪಾಡಿಗೆಂದು ಇಲ್ಲಿಗೆ ಬಂದರು. ದಳ ನಡೆಸುತ್ತಿದ್ದ ಶಿಕ್ಷಕಿ ವರ್ಗವಾಗಿ ಹೋದಾಗ ಸೀಟಿಯನ್ನು ಇವರ ಕೊರಳಿಗೆ ಹಾಕಿಹೋದರಂತೆ. ಅದು ಇಂದಿಗೂ ಅಲ್ಲೇ ಇದೆ.

ಗೈಡ್ ಹುಡುಗಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಬೇಕಾದರೆ ಪರೀಕ್ಷೆ ಮುಗಿಸಬೇಕು. ಗಂಟು ಹಾಕಬೇಕು, ಸೀಟಿಯ ಸನ್ನೆ ತಿಳಿಯಬೇಕು, ಮೈದಾನದಲ್ಲಿ ಒಲೆ ಹೂಡಿ ಬೇಯಿಸಬೇಕು. ಕಿವಿ ಕೇಳದವಳಿಗೆ ಸೀಟಿ ಹೇಗೆ? ಮೊದಲ ವರ್ಷ ಮಂದಾಕ್ಕ ಇದಕ್ಕೆ ಸುಲಭದ ಉಪಾಯ ಕಂಡುಕೊಂಡಿದ್ದರು. ಎಲ್ಲವೂ ಮಾಫಿ. ಒಂದೇ ಕೈಯ ಸಂಗೀತಾ ಹಗ್ಗದ ತುದಿ ಹಿಡಿದಳು, ಉಳಿದ ಗಂಟನ್ನು ಇವರೇ ಹಾಕಿದರು, ಬ್ಯಾಡ್ಜ್ ಕೊಟ್ಟರು. ತಿಂಗಳಾದರೂ ಅದು ಹುಡುಗಿಯ ತೋಳಿಗೆ ಬರಲಿಲ್ಲ. ಯಾಕೆಂದು ಕೇಳಿದರೆ ಆಕೆ ಟ್ರಂಕಿನಿಂದ ಬ್ಯಾಡ್ಜ್ ತೆಗೆದು ಇವರ ಅಂಗೈಯಲ್ಲಿಟ್ಟಳು. “ಗಂಟು ಹಾಕಿದವರು ನೀವು. ನೀವ ಹಚ್ಚಿಕೋರಿ, ಅಕ್ಕಾ.”

“ಕಪಾಳಕ್ಕ ಹೊಡದಂಗಾತು,” ಎನ್ನುತ್ತಾರೆ ಮಂದಾಕ್ಕ. “ದಾನಾ ಮಾಡೀನಿ ಅಂತ ಬೀಗಿದ್ದೆ. ಆಕಿ ಗಳಿಸೂದನ್ನ ಕಸಗೊಂಡಿದ್ದೆ.”

ಅಂದಿನಿಂದ ಅವರದೊಂದು ಮಾತಿದೆ: ದಾರಿ ಬದಲಿಸಬಹುದು, ಭಾರ ಇಳಿಸಬಾರದು. ಕಿವಿ ಕೇಳದವರಿಗೆ ಸೀಟಿಯ ಬದಲು ಬಾವುಟ, ಆದರೆ ಒಂದು ಸನ್ನೆಯೂ ಕಡಿಮೆಯಿಲ್ಲ. ಗಾಲಿಕುರ್ಚಿಯ ನಸೀಮಾ ನಡಿಗೆಯ ದಿನ ನಕಾಶೆ ಹಿಡಿದು ಎಲ್ಲರಿಗಿಂತ ಮುಂದೆ ಹೋಗಬೇಕು. ದಾರಿ ತಪ್ಪಿಸಿದರೆ ಬೈಸಿಕೊಳ್ಳುವವಳೂ ಅವಳೇ. ಮತ್ತು ಯಾವ ಪರೀಕ್ಷೆಯಾದರೂ ಮೊದಲು ಮಂದಾಕ್ಕ ತಮ್ಮ ಮೈಮೇಲೆ ನೋಡಬೇಕು. ಅದಕ್ಕೇ ಕೈ ಕಟ್ಟಿಕೊಳ್ಳುವುದು, ಕಿವಿಗೆ ಹತ್ತಿ ತುರುಕಿಕೊಳ್ಳುವುದು, ಇವತ್ತಿನ ಈ ಕಣ್ಣುಪಟ್ಟಿ.

ಈ ಪಟ್ಟಿಗೆ ಕಾರಣ ಭಾರ್ಗವಿ ಚಿಲವೇರಿ. ಹದಿನಾಲ್ಕರ ಹುಡುಗಿ, ಹುಟ್ಟುಗುರುಡಿ. ಭಾನುವಾರ ಅವಳಿಗೆ ಒಲೆಯ ಪರೀಕ್ಷೆ. ಎರಡೇ ಕಡ್ಡಿಯಲ್ಲಿ ಬೆಂಕಿ ಮಾಡಿ ಇಬ್ಬರಿಗೆ ಉಣಬಡಿಸಬೇಕು. ಬೀಡಿ ಕಟ್ಟುವ ಅವಳ ತಾಯಿ ಲಚ್ಚಮ್ಮ ಮಗಳನ್ನು ಒಂದು ದಿನವೂ ಒಲೆಯ ಹತ್ತಿರ ಬಿಟ್ಟವಳಲ್ಲ. ಸುದ್ದಿ ತಿಳಿದವಳೇ ಶಾಲೆಗೆ ಬಂದು ಕೂತಳು. “ಕಣ್ಣಿದ್ದೋರ ಕೈ ಸುಟ್ಕೋತಾರ, ಅಕ್ಕಾ. ಆ ಬ್ಯಾಡ್ಜ್ ಇಲ್ಲಂದ್ರ ಏನ್ ಮುಳುಗ್ತದ?”

ಮಂದಾಕ್ಕನ ಎದೆಯಲ್ಲೂ ಆ ಹೆದರಿಕೆ ಹೊಕ್ಕಿದೆ. ಪಟ್ಟಿ ಬಿಚ್ಚಿದಾಗ ಬೂದಿಯಲ್ಲಿ ಅರ್ಧ ಪೆಟ್ಟಿಗೆ ಕಡ್ಡಿ ಬಿದ್ದಿವೆ. ಮಧ್ಯಾಹ್ನ ಭಾಕರಿ ಮುರಿಯುತ್ತ ಭಾರ್ಗವಿಗೆ ಹೇಳುತ್ತಾರೆ: “ಪರೀಕ್ಷಾ ತಗೊಳ್ಳೋರ ಕಡೆ ನಿನಗ ಹತ್ತು ಕಡ್ಡಿ ಕೇಳ್ತೀನಿ. ಬಾಜೂಕ ನಾನೂ ಕೂಡ್ತೀನಿ. ನಾ ಮಾಡಿ ನೋಡೀನವ್ವ, ಎರಡರಾಗ ಆಗೂದಲ್ಲ.”

ಹುಡುಗಿ ಶೇಂಗಾ ಚಟ್ನಿ ನೆಕ್ಕುತ್ತ ಕೇಳುತ್ತಾಳೆ: “ಅಕ್ಕಾ, ನೀವು ಕುರುಡಾಗಿ ಎಷ್ಟೊತ್ತಾಗಿತ್ತು?”

“ಒಂದ್ ತಾಸು ಆಗಿರಬೇಕು.”

“ಅದಕ್ಕ. ನೀವು ಇನ್ನೂ ಹೊಸಬರು.”

ಊಟದ ಸಾಲೆಲ್ಲ ನಗುತ್ತದೆ. ಮಂದಾಕ್ಕ ನಗುವುದಿಲ್ಲ. ಕಣ್ಣು ಕಟ್ಟಿಕೊಂಡಾಗ ತಾವು ಕಂಡದ್ದು ತಮ್ಮ ಹೆದರಿಕೆಯನ್ನೇ ಹೊರತು ಈ ಹುಡುಗಿಯ ಬದುಕನ್ನಲ್ಲ ಎಂಬುದು ಅವರಿಗೆ ಆಗ ತಿಳಿಯುತ್ತದೆ. ಹಳೆಯ ಮಾಫಿಯೇ ವೇಷ ಬದಲಿಸಿ ಮತ್ತೆ ಬಂದಿತ್ತು. “ಹಂಗಾದ್ರ ಹೆಂಗ ಮಾಡ್ತಿ, ಹೇಳು,” ಎಂದು ಕೇಳುತ್ತಾರೆ. ಭಾರ್ಗವಿ ಹೇಳುತ್ತಾಳೆ, ಇವರು ಕೇಳುತ್ತಾರೆ. ಅಂದು ಸಂಜೆ ಇಬ್ಬರೂ ಸೇರಿ ಲಚ್ಚಮ್ಮನ ಮನೆಗೆ ಹೋಗುತ್ತಾರೆ. ಆಕೆ ಹೂಂ ಎನ್ನುವುದಿಲ್ಲ, ಆದರೆ ಭಾನುವಾರ ಬರುತ್ತೇನೆ ಎನ್ನುತ್ತಾಳೆ.

ಭಾನುವಾರ ಜೋರು ಗಾಳಿ ಎದ್ದಿದೆ. ಪಂಢರಪುರದಿಂದ ಬಂದ ಪರೀಕ್ಷಕ ಘೋಲಪ ಸರ್ ಮೃದು ಸ್ವಭಾವದವರು. “ಪಾಪ, ಕೂಡಲಿ ಬಿಡ್ರಿ, ಪಾಸ್ ಅಂತ ಬರೀತೀನಿ” ಎಂದು ಪೆನ್ನನ್ನೇ ತೆಗೆಯುತ್ತಾರೆ. “ಬ್ಯಾಡ್ರಿ ಸರ್. ಎರಡು ಕಡ್ಡಿ ಕೊಡ್ರಿ,” ಎನ್ನುತ್ತಾರೆ ಮಂದಾಕ್ಕ. ಬೇಲಿಯ ಬಳಿ ಲಚ್ಚಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಾಳೆ.

ಭಾರ್ಗವಿ ತೊಗರಿ ಕಟ್ಟಿಗೆಯನ್ನು ಒಂದೊಂದಾಗಿ ಕಿವಿಯ ಹತ್ತಿರ ಮುರಿಯುತ್ತಾಳೆ. ಚಟ್ಟೆಂದದ್ದು ಒಲೆಗೆ, ಬಾಗಿದ್ದು ಹೊರಗೆ. ಮೊದಲ ಕಡ್ಡಿ ಗೀರುತ್ತಾಳೆ. ಗಾಳಿ ಬೀಸಿ ಆರಿಹೋಗುತ್ತದೆ.

ಮಂದಾಕ್ಕನಿಗೆ ತಡೆಯಲಾಗುವುದಿಲ್ಲ. ಕೈ ತಾನಾಗಿ ಚೀಲದೊಳಗೆ ಹೋಗಿ ಹೊಸ ಪೆಟ್ಟಿಗೆಯನ್ನು ಹಿಡಿಯುತ್ತದೆ. ಕಡ್ಡಿಗಳು ಗಲಗಲ ಅನ್ನುತ್ತವೆ.

“ಅಕ್ಕಾ,” ಭಾರ್ಗವಿ ತಲೆ ಎತ್ತುವುದಿಲ್ಲ. “ಪೆಟ್ಟಿಗಿ ಒಳಗ ಇಡ್ರಿ.”

ಅವರು ಒಳಗಿಡುತ್ತಾರೆ. ಆ ಗಳಿಗೆ ತಮಗೆ ಎಲ್ಲಕ್ಕಿಂತ ಕಷ್ಟದ ಪರೀಕ್ಷೆಯಾಗಿತ್ತು ಎಂದು ಆಮೇಲೆ ಹೇಳುತ್ತಾರೆ.

ಹುಡುಗಿ ಎದ್ದು ನಿಲ್ಲುತ್ತಾಳೆ. ನಾಲಿಗೆಗೆ ಬೆರಳು ಮುಟ್ಟಿಸಿ ಕೆನ್ನೆ ಒದ್ದೆ ಮಾಡಿಕೊಂಡು ನಿಧಾನಕ್ಕೆ ಸುತ್ತ ತಿರುಗುತ್ತಾಳೆ. ಕೆನ್ನೆ ತಣ್ಣಗಾದ ಕಡೆಗೆ ಬೆನ್ನು ಕೊಟ್ಟು ಕೂತು, ಒಲೆಯ ಕಲ್ಲುಗಳನ್ನು ಸರಿಸಿ ಅದರ ಬಾಯಿ ತನ್ನತ್ತ ತಿರುಗಿಸುತ್ತಾಳೆ. ಎರಡನೆಯ ಕಡ್ಡಿಯನ್ನು ಬೊಗಸೆಯೊಳಗೆ ಗೀರಿ, ಒಣಹುಲ್ಲಿನ ಅಡಿಗೆ ಇಟ್ಟು, ಕಿವಿಗೊಡುತ್ತಾಳೆ. ಸಣ್ಣಗೆ ಚಿಟಪಟ ಶುರುವಾಗುತ್ತದೆ. ಆಗ ಅವಳ ಮುಖ ಅರಳುತ್ತದೆ.

ಖಿಚಡಿಯ ಒಂದು ತಟ್ಟೆ ಘೋಲಪ ಸರ್‌ಗೆ ಹೋಗುತ್ತದೆ. ಇನ್ನೊಂದನ್ನು ಹಿಡಿದು ಹುಡುಗಿ ಬೇಲಿಯ ಕಡೆಗೇ ನಡೆಯುತ್ತಾಳೆ. ಲಚ್ಚಮ್ಮ ಮೊದಲು ಮಗಳ ಎರಡೂ ಕೈ ತಿರುವಿ ತಿರುವಿ ನೋಡುತ್ತಾಳೆ, ಎಲ್ಲೂ ಸುಟ್ಟಿಲ್ಲ. ಆಮೇಲೆ ತುತ್ತು ಬಾಯಿಗಿಡುತ್ತಾಳೆ. ಕಣ್ಣು ಸುರಿಯುತ್ತಿದೆ. “ಉಪ್ಪು ಕಡಿಮಿ ಆಗ್ಯದ,” ಎನ್ನುತ್ತಾಳೆ.

“ಮನ್ಯಾಗ ಒಲಿ ಕೊಡು. ನಾಳೆ ಸರಿ ಹಾಕ್ತೀನಿ.”

ಸೋಮವಾರ ಮುಂಜಾನೆ ಮೈದಾನದಲ್ಲಿ ಡೇರೆಯ ಹಗ್ಗ ಬಿದ್ದಿದೆ. ನಸೀಮಾ ಕುರ್ಚಿಯಿಂದ ನೆಲಕ್ಕಿಳಿದು ಗೂಟ ಬಡಿಯುವ ತನ್ನ ರೀತಿ ತೋರಿಸುತ್ತಿದ್ದಾಳೆ, ಮಂದಾಕ್ಕ ಪಕ್ಕದಲ್ಲಿ ಕೂತು ನೋಡುತ್ತಿದ್ದಾರೆ. ಸ್ಕಾರ್ಫ್ ಕೊರಳಲ್ಲೇ ಇದೆ.

“ಇವತ್ತ ಏನೂ ಕಟ್ಟಿಕೊಂಡಿಲ್ಲಲ್ಲಾ?” ಎಂದು ತುಕಾರಾಮ ಕೆಣಕುತ್ತಾನೆ.

“ಕಟ್ಟಿಕೊಳ್ಳೂದು ಬಿಟ್ಟೆ. ಈಗ ಕೇಳ್ತೀನಿ.”

ಇನ್ನೇನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ ಅವರು ಹಗ್ಗ ಸುತ್ತುತ್ತ ಹೇಳುತ್ತಾರೆ: “ಒಂದದ. ಮುಂದ ಭಾರ್ಗವಿ ದೊಡ್ಡಾಕಿ ಆಗಿ, ಪರೀಕ್ಷಾ ತಗೊಳ್ಳಾಕ ಆಕೀನ ಈ ಮೈದಾನಕ್ಕ ಬರಬೇಕು. ಎರಡು ಕಡ್ಡಿ ಕೊಟ್ಟು ಮೊದ್ಲು ನನ್ನ ಕೂಡಸಲಿ. ಆಕಿ ಕೈಯಾಗ ನಾ ಫೇಲಾಗಬೇಕು.”